ಹಣ್ಣಿನ ತಳ ಕಪ್ಪಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಟೆರೇಸ್ ಮೇಲೆ ಗ್ರೋ ಬ್ಯಾಗ್‌ಗಳಲ್ಲಿ ನಾಟಿ, ಚೆರ್ರಿ, ಅರ್ಕಾ ರಕ್ಷಕ್ ಅಂತ ಮೂರು ಬಗೆಯ ಟೊಮೆಟೊ ಹಾಕಿದ್ದೇನೆ. ನಾಟಿ ಹಣ್ಣಿನ ತಳ ಮಾತ್ರ ಕಪ್ಪಾಗಿ ಕೊಳೆಯುತ್ತಿದೆ. ಯಾವ ಔಷಧಿ ಹೊಡೆಯಲಿ? ಅರ್ಕಾ ರಕ್ಷಕ್ ಬೀಜ ಎತ್ತಿಡಬಹುದಾ?
- ಓದುಗರು, ಮೈಸೂರು

ಉತ್ತರ: ಔಷಧಿ ಬೇಡ, ಸುಮ್ನೆ ದುಡ್ಡು ದಂಡ. ಇದು ರೋಗವೇ ಅಲ್ಲ. ಹಣ್ಣಿನ ತುದಿಗೆ ಕ್ಯಾಲ್ಸಿಯಂ ತಲುಪುತ್ತಿಲ್ಲ, ಅಷ್ಟೇ. ಕ್ಯಾಲ್ಸಿಯಂ ನೀರಿನ ಜೊತೆಯೇ ಮೇಲೇರಬೇಕು. ಒಂದು ದಿನ ಮಣ್ಣು ಒಣಗಿಸಿ, ಮರುದಿನ ಕೆರೆ ಮಾಡಿದರೆ ಹೀಗೇ ಆಗೋದು. ಬಿಸಿಲುಗಾಲದಲ್ಲಿ ಸಣ್ಣ ಬ್ಯಾಗ್ ಮಧ್ಯಾಹ್ನಕ್ಕೇ ಒಣಗುತ್ತದೆ ಅಲ್ವಾ? ಬೆಳಿಗ್ಗೆ ಬೆರಳು ತೂರಿಸಿ ನೋಡಿ, ಒಣಗಿದ್ದರೆ ತಳದಿಂದ ಹರಿಯುವಷ್ಟು ನೀರು ಕೊಡಿ. ಮೇಲೆ ದಪ್ಪಗೆ ತರಗೆಲೆ ಹೊದಿಸಿ. ಯೂರಿಯಾ ಹಾಕುತ್ತಿದ್ದರೆ ಇಂದೇ ನಿಲ್ಲಿಸಿ. ಮೊಟ್ಟೆ ಸಿಪ್ಪೆ ಹಾಕಿ ಅಂತ ಪಕ್ಕದ ಮನೆಯವರು ಹೇಳಿಯೇ ಹೇಳುತ್ತಾರೆ. ಹಾಕಿ, ಆದರೆ ಅದು ಕರಗುವಷ್ಟರಲ್ಲಿ ಈ ಬೆಳೆ ಮುಗಿದಿರುತ್ತದೆ! ಕಪ್ಪಾದ ಕಾಯಿ ಕಿತ್ತುಬಿಡಿ.

ಚೆರ್ರಿಗೆ ಈ ಕಾಟ ಅಪರೂಪ. ಅದು ಉದ್ದಕ್ಕೆ ಬೆಳೆಯುತ್ತಲೇ ಇರುತ್ತದೆ, 20 ಲೀಟರ್ ಬಕೆಟ್‌ನಲ್ಲಿಟ್ಟು ಹಗ್ಗಕ್ಕೆ ಹಬ್ಬಿಸಿ.

ಅರ್ಕಾ ರಕ್ಷಕ್ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಹೈಬ್ರಿಡ್. ಎಲೆ ಮುರುಟು ನಂಜುರೋಗವನ್ನೂ (ವೈರಸ್) ತಡೆಯುತ್ತದೆ. ಆದರೆ ಎತ್ತಿಟ್ಟ ಬೀಜದಿಂದ ಅದೇ ಗುಣದ ಗಿಡ ಬರುವುದಿಲ್ಲ. ನಾಟಿಯ ಬೀಜ ಎತ್ತಿಡಿ. ಸಾರಿಗೂ ಅದರ ಹುಳಿಯೇ ನನಗಿಷ್ಟ.