ಆಪ್ತ ಸಲಹೆ: ಕೊನೆಯ ಎರಡು ಕಂತುಗಳಲ್ಲಿ ಏನಿತ್ತು?

ಶಿರಸಿ ತಾಲೂಕಿನ ಹಳ್ಳಿಯೊಂದರಿಂದ ಬಂದ ಈ ಪತ್ರವನ್ನು ಓದಿ ಬದಿಗಿಡಲು ನನ್ನಿಂದ ಆಗಲಿಲ್ಲ. ಬರೆದವರು ಅಂಕೋಲೆಯ ಕಡೆಯಿಂದ ತೋಟದ ಮನೆಗೆ ಸೊಸೆಯಾಗಿ ಬಂದವರು, ಕಾರವಾರದಲ್ಲಿ ಪದವಿ ಓದುವಾಗಲೇ ಕಾದಂಬರಿಕಾರ ಯಶವಂತ ಚಿತ್ತಾಲರನ್ನು ಮೆಚ್ಚಿಕೊಂಡವರು, ಓದಿದ ಪುಸ್ತಕದ ಬಗ್ಗೆ ಅನಿಸಿದ್ದನ್ನು ಮುಚ್ಚುಮರೆಯಿಲ್ಲದೆ ನೋಟ್‌ಬುಕ್ಕಿನಲ್ಲಿ ಬರೆದಿಡುವವರು. ಈ ಮಳೆಗಾಲದಲ್ಲಿ ಅವರು ಮೂರು ಜನಪ್ರಿಯ ಕಾದಂಬರಿಗಳನ್ನು ಓದಿದರು. ಮೊದಲನೆಯದರಲ್ಲಿ, ಒಂದೇ ಒಂದು ಕಾಗದ ಬರೆದಿದ್ದರೆ ಬಗೆಹರಿಯಬಹುದಾಗಿದ್ದ ತಪ್ಪು ತಿಳಿವಳಿಕೆಯನ್ನು ನೂರಾರು ಪುಟ ಎಳೆಯಲಾಗಿದೆ ಎಂದು ಬರೆದರು. ಎರಡನೆಯ ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರ ಯಾರೆಂಬುದು ನಡುವಿನಲ್ಲೇ ತಿಳಿದುಹೋಯಿತು ಎಂದು ಬರೆದರು. ಮೂರನೆಯದು ಅತ್ತೆಯ ಟ್ರಂಕಿನಲ್ಲಿದ್ದ ಹಳೆಯ ಸಾಮಾಜಿಕ ಕಾದಂಬರಿ. ಅದರ ಬಗ್ಗೆ, ನಾಯಕಿ ಅಳುವುದಕ್ಕೆಂದೇ ಹುಟ್ಟಿದ್ದಾಳೆ, ತ್ಯಾಗದ ಹೆಸರಿನಲ್ಲಿ ಕೆಲಸವನ್ನೂ ಬಿಟ್ಟು ಭಾವನ ಮಕ್ಕಳನ್ನು ಸಾಕುತ್ತಾಳೆ, ಇಂಥದ್ದನ್ನು ಓದಿ ಕಣ್ಣೀರು ಹಾಕಿದವರಿಗೆ ಬೇರೆ ಕೆಲಸವಿರಲಿಲ್ಲವೇನೋ ಎಂದು ಬರೆದರು.

ಚೌತಿಗೆ ತವರಿಗೆ ಬಂದಿದ್ದ ನಾದಿನಿ ಆ ಪುಟದ ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದರು. ಅತ್ತೆ ಒಂದು ಮಾತೂ ಆಡಲಿಲ್ಲ, ಕಾದಂಬರಿಯನ್ನು ಒಯ್ದು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಗಂಡ, ‘ಒಂದು ಸಲ ತಪ್ಪಾಯಿತು ಅಂದುಬಿಡು, ಮುಗಿದುಹೋಗುತ್ತದೆ’ ಎನ್ನುತ್ತಿದ್ದಾರೆ. ಅನಿಸಿದ್ದನ್ನು ಬರೆದುಕೊಂಡದ್ದಕ್ಕೆ ಕ್ಷಮೆ ಕೇಳಬೇಕೇ ಎಂಬುದು ಪತ್ರದ ಪ್ರಶ್ನೆ.

ಬರೆದುಕೊಂಡದ್ದಕ್ಕೆ ಕೇಳಬೇಕಾಗಿಲ್ಲ. ಒಬ್ಬರ ನೋಟ್‌ಬುಕ್ಕನ್ನು ಅವರನ್ನು ಕೇಳದೆ ತೆರೆಯುವುದು ಅವರ ಪೆಟ್ಟಿಗೆಗೆ ಕೈಹಾಕಿದಂತೆಯೇ ಎಂದು ಈ ಅಂಕಣದಲ್ಲಿ ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ. ಈ ಮನೆಯಲ್ಲಿ ಕ್ಷಮೆ ಕೇಳಬೇಕಾದವರು ಮೊದಲು ನಿಮ್ಮ ನಾದಿನಿ. ತಾಯಿಗೆ ನೋವಾಗುತ್ತದೆ ಎಂದು ತಿಳಿದೂ ಅವರು ಆ ಪುಟವನ್ನು ಇಡೀ ಬಳಗದ ಮುಂದೆ ಹರಡಿದರು. ಅವರು ಸುಮ್ಮನಿದ್ದಿದ್ದರೆ ಆ ವಾಕ್ಯ ನಿಮ್ಮ ನೋಟ್‌ಬುಕ್ಕಿನಲ್ಲೇ ಉಳಿಯುತ್ತಿತ್ತು. ನಿಮ್ಮ ಗಂಡನ ಬಗ್ಗೆ ನನಗೆ ಅರ್ಧ ಸಹಾನುಭೂತಿಯಷ್ಟೇ ಇದೆ. ಮನೆಯಲ್ಲಿ ಶಾಂತಿ ಬೇಕೆನ್ನುವವರು ಆ ಮಾತನ್ನು ಮೊದಲು ತಂಗಿಗೆ ಹೇಳಬೇಕಿತ್ತು.

ಆದರೆ ನಿಮ್ಮ ಪತ್ರದ ಎರಡನೆಯ ಹಾಳೆಯಲ್ಲಿ, ಮಾತಿನ ನಡುವೆ, ಅವಸರದಲ್ಲಿ ದಾಟಿಹೋದ ಒಂದು ವಾಕ್ಯವಿದೆ. ಆ ಕಾದಂಬರಿ ಅಚ್ಚಾದ ಪುಸ್ತಕವಲ್ಲ, ವಾರಪತ್ರಿಕೆಯ ಧಾರಾವಾಹಿಯ ಹಾಳೆಗಳನ್ನು ಅತ್ತೆಯೇ ಕತ್ತರಿಸಿ, ದಬ್ಬಣದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿದ ಕಟ್ಟು ಎಂದಿದ್ದೀರಿ. ಪ್ರತಿ ಕಂತಿನ ಮೂಲೆಯಲ್ಲಿ ನೀಲಿ ಶಾಯಿಯಲ್ಲಿ ಸಂಖ್ಯೆ ಬರೆದಿದೆ ಎಂದಿದ್ದೀರಿ. ಅದರ ಬೆನ್ನಿಗೇ, ‘ಕೊನೆಯ ಎರಡು ಕಂತು ಇರಲಿಲ್ಲ, ಆ ಜಾಗದಲ್ಲಿ ಖಾಲಿ ಹಾಳೆ ಹೊಲಿದಿದ್ದರು, ಹೇಗೂ ಅಂತ್ಯ ಊಹಿಸಬಹುದಿತ್ತು’ ಎಂದು ಬರೆದು ಮುಂದಕ್ಕೆ ಹೋಗಿದ್ದೀರಿ.

ನಾನು ಅಲ್ಲಿಯೇ ನಿಂತೆ. ಅಂತ್ಯವನ್ನು ಓದದೆಯೇ ನೀವು ನಾಯಕಿಯ ಬದುಕಿನ ಬಗ್ಗೆ ತೀರ್ಪು ಬರೆದಿದ್ದೀರಿ. ಕೆಲಸ ಬಿಟ್ಟವಳು ಕೊನೆಯ ಕಂತಿನಲ್ಲಿ ಮತ್ತೆ ಕೆಲಸಕ್ಕೆ ಸೇರಿರಬಹುದು, ಭಾವನ ಮನೆಯ ಬಾಗಿಲು ದಾಟಿ ಹೊರಟಿರಬಹುದು, ಅಥವಾ ನೀವು ಅಂದುಕೊಂಡಂತೆ ಅಳುತ್ತಲೇ ಉಳಿದಿರಬಹುದು. ಓದುಗರಿಗೆ ಮುಚ್ಚುಮರೆಯಿಲ್ಲದೆ ಮಾತನಾಡುವ ಹಕ್ಕು ಪೂರ್ತಿಯಾಗಿ ಇದೆ ಎಂದು ನಂಬಿದವರಲ್ಲಿ ನಾನೂ ಒಬ್ಬಳು, ಆದರೆ ಎಷ್ಟು ಓದಿದ್ದೇವೆ ಎಂಬುದನ್ನು ಮುಚ್ಚಿಡದಿರುವುದು ಆ ಹಕ್ಕಿನ ಜೊತೆಗೇ ಬರುವ ಹೊಣೆ. ‘ಕೊನೆಯ ಎರಡು ಕಂತು ಇರಲಿಲ್ಲ’ ಎಂದು ನನಗೆ ಬರೆದ ನೀವು ನಿಮ್ಮ ನೋಟ್‌ಬುಕ್ಕಿನಲ್ಲಿ ಅದನ್ನು ಬರೆದಿರಲಿಲ್ಲ.

ಇನ್ನು ಅತ್ತೆಯ ಕಡೆಯಿಂದ ನೋಡಿ. ವಾರಪತ್ರಿಕೆ ಊರಿನ ರಸ್ತೆಗೆ ಬಸ್ಸಿನಲ್ಲಿ ಬರಬೇಕು, ಅಲ್ಲಿಂದ ಯಾರಾದರೂ ಮನೆಗೆ ತರಬೇಕು. ಶಿರಸಿಯ ಸುತ್ತಲಿನ ಮಳೆ ಹಿಡಿದುಕೊಂಡಿತೆಂದರೆ ಕಾಲುಸಂಕ ದಾಟುವುದೇ ಕಷ್ಟವಾಗಿದ್ದ ಕಾಲ ಅದು. ಆ ಎರಡು ವಾರಗಳ ಸಂಚಿಕೆ ಏಕೆ ತಪ್ಪಿತು ಎಂಬುದು ನನಗೆ ತಿಳಿದಿಲ್ಲ, ನೀವೂ ಕೇಳಿಲ್ಲ. ಆದರೆ ಖಾಲಿ ಹಾಳೆಯನ್ನು ಸೇರಿಸಿ ಹೊಲಿದವರು ಆ ಕಂತುಗಳು ಎಂದಾದರೂ ಸಿಕ್ಕಾವು ಎಂದು ನಂಬಿದ್ದರು ಎನ್ನಲು ನನಗೆ ಅಳುಕಿಲ್ಲ. ಅಷ್ಟು ಜತನದಿಂದ ಕಾಯ್ದಿಟ್ಟವರಿಗೆ ಬೇರೆ ಕೆಲಸವಿರಲಿಲ್ಲ ಎಂದು ನೀವು ಬರೆದಿರಿ. ಅಡಿಕೆ ಕೊಯ್ಲಿನ ದಿನಗಳಲ್ಲಿ ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿದ ಹೆಂಗಸರ ತಲೆಮಾರಿಗೆ ಈ ಮಾತು ಹೇಗೆ ತಾಗುತ್ತದೆ ಎಂಬುದನ್ನು, ಅದೇ ಮನೆಯಲ್ಲಿ ಬಾಳುತ್ತಿರುವ ನಿಮಗೆ ನಾನು ವಿವರಿಸಬೇಕಾಗಿಲ್ಲ. ಕಾದಂಬರಿಯ ಬಗ್ಗೆ ಬರೆದದ್ದು ನಿಮ್ಮ ಅಭಿಪ್ರಾಯ, ಅದು ಇರಲಿ. ಓದಿದವರ ಬಗ್ಗೆ ಬರೆದ ಆ ಒಂದು ವಾಕ್ಯ ಅಭಿಪ್ರಾಯವಲ್ಲ, ಅದನ್ನು ನೀವೇ ಹೊಡೆದುಹಾಕುತ್ತೀರಿ ಎಂದು ನಂಬಿದ್ದೇನೆ.

ನಿಮ್ಮ ಉಳಿದ ಆಕ್ಷೇಪಗಳ ಬಗ್ಗೆಯೂ ಒಂದೆರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಾಗದು. ಪ್ರತಿ ಅಧ್ಯಾಯವೂ ಬಾಗಿಲು ತಟ್ಟಿದ ಸದ್ದಿನೊಂದಿಗೋ ತಂತಿ ಬಂದ ಸುದ್ದಿಯೊಂದಿಗೋ ಮುಗಿಯುತ್ತದೆ, ಹೇಳಿದ್ದನ್ನೇ ಮತ್ತೆ ಹೇಳಲಾಗಿದೆ ಎಂದು ದೂರಿದ್ದೀರಿ. ಧಾರಾವಾಹಿಯನ್ನು ಎರಡು ದಿನದಲ್ಲಿ ಓದಿ ಮುಗಿಸಿದವರಿಗೆ ಹಾಗೆ ಕಾಣುವುದು ಸಹಜ. ವಾರಕ್ಕೊಂದು ಕಂತು ಓದುವವರನ್ನು ಮುಂದಿನ ವಾರದವರೆಗೆ ಹಿಡಿದಿಡಬೇಕಿತ್ತು, ಹಿಂದಿನ ವಾರದ ಕತೆಯನ್ನು ನೆನಪಿಸಬೇಕಿತ್ತು. ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೆಲಸ ಮಾಡುತ್ತ ಕೇಳುವ ಮನೆಗಳಲ್ಲಿ ಆ ಪುನರುಕ್ತಿಯೇ ಕೇಳುಗರ ಕೈಹಿಡಿದು ನಡೆಸುತ್ತಿತ್ತು. 1979ರಲ್ಲಿ ಬಂದ ಚಿತ್ತಾಲರ ‘ಶಿಕಾರಿ’ ಕಾದಂಬರಿಯ ನಾಯಕ ನಾಗಪ್ಪನ ಒಳತೋಟಿಯನ್ನು ಅಳತೆಗೋಲಾಗಿ ಹಿಡಿದು ಇದನ್ನು ಅಳೆದಿದ್ದೀರಿ. ಹನೇಹಳ್ಳಿಯ ಚಿತ್ತಾಲರ ಮೇಲಿನ ನಿಮ್ಮ ಅಭಿಮಾನ ನನಗೂ ಅರ್ಥವಾಗುತ್ತದೆ, ಆದರೆ ಆ ಬರವಣಿಗೆ ಒಂಟಿಯಾಗಿ ಕುಳಿತು, ಹಿಂದಿನ ಪುಟಕ್ಕೆ ಮರಳಿ ಹೋಗಿ ಓದುವವರನ್ನು ಬೇಡುತ್ತದೆ.

ಜನಪ್ರಿಯ ಲೇಖಕಿಯರಿಗೆಲ್ಲ ಹೆಣ್ಣನ್ನು ಅಳಿಸುವುದೊಂದೇ ಗೊತ್ತು ಎಂಬ ನಿಮ್ಮ ಮಾತನ್ನಂತೂ ನಾನು ಒಪ್ಪುವುದಿಲ್ಲ. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ ತ್ರಿವೇಣಿಯವರು, ಮನೆಗಳಲ್ಲಿ ಪಿಸುಮಾತಿನಲ್ಲೂ ಆಡದಿದ್ದ ಹೆಣ್ಣಿನ ಮನೋರೋಗವನ್ನು ಕಾದಂಬರಿಯ ವಸ್ತುವಾಗಿಸಿದರು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ 1976ರಲ್ಲಿ ಬಂತು. ತಲೆ ಬೋಳಿಸಿಕೊಂಡು ಮಡಿಯಲ್ಲೇ ಆಯುಷ್ಯ ಕಳೆದ ಬಾಲವಿಧವೆ, ತನಗೆ ಆದದ್ದು ಇನ್ನೊಬ್ಬ ಹುಡುಗಿಗೆ ಆಗಬಾರದು ಎನ್ನುವಲ್ಲಿಗೆ ತಲುಪುವ ಕತೆ ಅದು. ಇವರಿಬ್ಬರೂ ಅಡುಗೆಮನೆಯವರೆಗೆ ತಲುಪಿದ ಲೇಖಕಿಯರೇ. ನಿಮ್ಮ ಅತ್ತೆಯ ಟ್ರಂಕಿನಲ್ಲಿ ಇನ್ನೂ ಯಾವ ಯಾವ ಕಟ್ಟುಗಳಿವೆ ಎಂದು ನೀವು ನೋಡಿಲ್ಲ ಎಂಬುದು ನನ್ನ ಊಹೆ.

ಆದ್ದರಿಂದ ನನ್ನ ಸಲಹೆ ಒಂದೇ. ಕ್ಷಮೆಯ ಮಾತನ್ನೂ ಸಮರ್ಥನೆಯ ಮಾತನ್ನೂ ಸದ್ಯಕ್ಕೆ ಎತ್ತಬೇಡಿ. ಮಧ್ಯಾಹ್ನದ ಊಟ ಮುಗಿದು, ಅತ್ತೆ ಒಬ್ಬರೇ ಇರುವಾಗ ಹತ್ತಿರ ಕುಳಿತು, ‘ಅತ್ತೆ, ಕೊನೆಯ ಎರಡು ಕಂತುಗಳಲ್ಲಿ ಏನಾಯಿತು?’ ಎಂದು ಕೇಳಿ. ಕೇಳಿದ ಮೇಲೆ ಅವರು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಅವರಿಗೂ ತಿಳಿದಿಲ್ಲವಾದರೆ, ಆ ಅಂತ್ಯವನ್ನು ಹುಡುಕಿ ತರುವ ಕೆಲಸ ನಿಮ್ಮದು. ಓದುಗರು ಮೆಚ್ಚಿದ ಧಾರಾವಾಹಿಗಳು ಆಮೇಲೆ ಪುಸ್ತಕವಾಗಿ ಬರುತ್ತಿದ್ದದ್ದು ರೂಢಿ. ಶಿರಸಿಯ ಗ್ರಂಥಾಲಯದಲ್ಲಿ ಕೇಳಿ, ಇಲ್ಲದಿದ್ದರೆ ಕಾರವಾರದ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕೇಳಿ, ಹಳೆಯ ಪುಸ್ತಕ ಮಾರುವವರಲ್ಲೂ ವಿಚಾರಿಸಿ. ಸಿಕ್ಕ ದಿನ ನೀವೊಬ್ಬರೇ ಓದಿ ಮುಗಿಸಬೇಡಿ, ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿ. ಆಮೇಲೆ ನೋಟ್‌ಬುಕ್ಕಿನಲ್ಲಿ ಆ ಕಾದಂಬರಿಯ ಬಗ್ಗೆ ಹೊಸದಾಗಿ ಬರೆಯಿರಿ. ಆಗಲೂ ನಾಯಕಿಯ ತ್ಯಾಗ ನಿಮಗೆ ಅನ್ಯಾಯವೆಂದೇ ಕಂಡರೆ ಹಾಗೆಂದೇ ಬರೆಯಿರಿ, ಯಾರಿಗಾಗಿಯೂ ಒಂದಕ್ಷರವನ್ನೂ ಮೆತ್ತಗೆ ಮಾಡಬೇಡಿ.