ತುವಾಲು ಮುಳುಗಿದರೆ ಅದು ದೇಶವಾಗಿ ಉಳಿಯುತ್ತದೆಯೇ? ಅಲ್ಲಿನ ಜನರಿಗೆ ನಿರಾಶ್ರಿತರ ಹಕ್ಕು ಸಿಗುತ್ತದೆಯೇ?

ನೀವು ಕೇಳಿದ್ದು ಎರಡು ವಿಷಯ. ತುವಾಲು, ಕಿರಿಬಾಟಿಯಂಥ ಪೆಸಿಫಿಕ್ ದ್ವೀಪಗಳು ಸಮುದ್ರದ ಪಾಲಾದರೆ ಭೂಪಟದಲ್ಲಿ ಅವು ಉಳಿಯುತ್ತವಾ? ಅಲ್ಲಿನ ಜನರನ್ನು ಬೇರೆ ದೇಶಗಳು ನಿರಾಶ್ರಿತರೆಂದು ಸೇರಿಸಿಕೊಳ್ಳಲೇಬೇಕಾ? ಮೊದಲನೆಯದಕ್ಕೆ ಬಹುಮಟ್ಟಿಗೆ ಉತ್ತರ ಸಿಕ್ಕಿದೆ. ಎರಡನೆಯದಕ್ಕೆ ಸಿಕ್ಕಿಲ್ಲ. ನನಗೆ ಸಂಕಟ ಆಗೋದು ಅಲ್ಲೇ.

ದೇಶ ಅನ್ನಿಸಿಕೊಳ್ಳಲು ಏನೇನು ಬೇಕು ಅಂತ 1933ರ ಮಾಂಟೆವಿಡಿಯೊ ಒಪ್ಪಂದ ಹೇಳುತ್ತದೆ: ನೆಲೆಯಾಗಿ ಬದುಕುವ ಜನ, ಗೊತ್ತಾದ ನೆಲ, ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹರಿಸುವ ಶಕ್ತಿ. ನೆಲವೇ ಹೋದರೆ ಏನು ಮಾಡೋದು ಅಂತ ಅದರಲ್ಲಿ ಇಲ್ಲ. 2023ರಲ್ಲಿ ತುವಾಲು ತನ್ನ ಸಂವಿಧಾನವನ್ನೇ ಬದಲಿಸಿ, ಸಮುದ್ರ ಏರಿ ನೆಲ ಹೋದರೂ ನಮ್ಮ ದೇಶ ಇದ್ದೇ ಇರುತ್ತದೆ ಎಂದು ಬರೆದುಕೊಂಡಿತು. 2025ರ ಜುಲೈನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವೂ ಹೆಚ್ಚುಕಡಿಮೆ ಇದೇ ದಾರಿ ಹಿಡಿಯಿತು. ಒಮ್ಮೆ ದೇಶ ಆದಮೇಲೆ, ಈ ನಾಲ್ಕರಲ್ಲಿ ಒಂದು ಇಲ್ಲವಾದ ಮಾತ್ರಕ್ಕೆ ಅದು ದೇಶವಾಗಿ ಉಳಿಯೋದಿಲ್ಲ ಅನ್ನೋ ಹಾಗಿಲ್ಲ ಎಂದಿತು. ಅದು ಸಲಹಾ ಅಭಿಪ್ರಾಯ, ತೀರ್ಪಲ್ಲ. ಆದರೂ ತೂಕ ದೊಡ್ಡದು. ಈ ವಿಷಯವನ್ನು ನ್ಯಾಯಾಲಯಕ್ಕೆ ಒಯ್ಯುವ ಪ್ರಯತ್ನ ಶುರು ಮಾಡಿದ್ದು ಪೆಸಿಫಿಕ್‌ನ ಕಾನೂನು ವಿದ್ಯಾರ್ಥಿಗಳು. ವನುವಾಟು ಅನ್ನೋ ಪುಟ್ಟ ದೇಶ ಅದನ್ನು ವಿಶ್ವಸಂಸ್ಥೆಯ ತನಕ ಹೊತ್ತು ತಂದಿತು. ಇದರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಭೂಪಟದ ಜೊತೆ ದುಡ್ಡಿನ ಮಾತೂ ಇದೆ. ಕಿರಿಬಾಟಿಯ ನೆಲ ಸುಮಾರು 811 ಚದರ ಕಿ.ಮೀ. ಅದರ ಹಕ್ಕಿನ ಸಮುದ್ರ 30 ಲಕ್ಷ ಚದರ ಕಿ.ಮೀ.ಗಿಂತ ಜಾಸ್ತಿ! ಅಲ್ಲಿ ಟ್ಯೂನಾ ಮೀನು ಹಿಡಿಯಲು ಬರುವ ವಿದೇಶಿ ಹಡಗುಗಳು ಕಟ್ಟುವ ಶುಲ್ಕದಿಂದಲೇ ಸರ್ಕಾರದ ಬಹುಪಾಲು ಖರ್ಚು ನಡೆಯುತ್ತದೆ. ಈ ಹಕ್ಕನ್ನು ದಡದಿಂದ 200 ನಾಟಿಕಲ್ ಮೈಲಿ ಅಳೆದು ಕೊಡುತ್ತಾರೆ. ದಡ ಹಿಂದೆ ಸರಿದರೆ ಗಡಿಯೂ ಸರಿಯಬೇಕು, ಅಲ್ವಾ? ಬೇಡ, ಒಮ್ಮೆ ಗುರುತಿಸಿದ ಗಡಿ ಹಾಗೇ ಇರಲಿ ಎಂದು ಪೆಸಿಫಿಕ್ ನಾಯಕರು 2021ರಲ್ಲಿ ಘೋಷಿಸಿದರು. ಸಮುದ್ರ ಏರಿತು ಅಂತ ಗಡಿಯ ನಕ್ಷೆ ಬದಲಿಸಬೇಕಾಗಿಲ್ಲ ಎಂದು ನ್ಯಾಯಾಲಯವೂ ಹೇಳಿತು.

ಅಂದರೆ ದೇಶಕ್ಕೂ ರಕ್ಷಣೆ ಸಿಕ್ಕಿತು, ಮೀನಿಗೂ ಸಿಕ್ಕಿತು. ಮನುಷ್ಯರಿಗೆ?

1951ರ ನಿರಾಶ್ರಿತರ ಒಪ್ಪಂದ ಕಾಯುವುದು ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳಕ್ಕೆ ಒಳಗಾದವರನ್ನು. ಸಮುದ್ರ ಯಾರ ಧರ್ಮವನ್ನೂ ಕೇಳಿ ಒಳಗೆ ಬರೋದಿಲ್ಲ. ಹಾಗಾಗಿ ಅದರಿಂದ ಓಡಿ ಬಂದವರು ಈ ಪಟ್ಟಿಗೆ ಸೇರೋದಿಲ್ಲ. ಕಿರಿಬಾಟಿಯ ಒಬ್ಬರು ನ್ಯೂಜಿಲೆಂಡ್‌ನಲ್ಲಿ ಹೀಗೇ ಆಶ್ರಯ ಕೇಳಿದರು. ಸುಪ್ರೀಂ ಕೋರ್ಟ್ ತನಕ ಹೋಗಿ ಸೋತರು. 2015ರಲ್ಲಿ ಅವರನ್ನು ವಾಪಸ್ ಕಳಿಸಿದರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ಹೋದ ದೂರಿನ ನಿರ್ಧಾರ ಹೊರಬಿದ್ದಿದ್ದು 2020ರ ಜನವರಿಯಲ್ಲಿ. ಪ್ರಾಣಕ್ಕೆ ಅಪಾಯ ಇರುವಷ್ಟು ಕೆಟ್ಟ ಸ್ಥಿತಿ ಇದ್ದರೆ ಅಂಥ ಕಡೆಗೆ ವಾಪಸ್ ಕಳಿಸುವಂತಿಲ್ಲ ಎಂದು ಸಮಿತಿ ಒಪ್ಪಿತು. ಆದರೆ ಇವರ ವಿಷಯದಲ್ಲಿ, ದ್ವೀಪ ವಾಸಕ್ಕೆ ಬಾರದಂತಾಗಲು ಇನ್ನೂ 10ರಿಂದ 15 ವರ್ಷ ಇದೆ, ಅಷ್ಟರಲ್ಲಿ ಸರ್ಕಾರ ಏನಾದರೂ ಮಾಡಬಹುದು ಎಂದಿತು. ನ್ಯಾಯದ ಬಾಗಿಲು ಒಂಚೂರು ತೆರೆಯಿತು ನಿಜ, ಆದರೆ ಬಾಗಿಲು ತಟ್ಟಿದವರಿಗೇ ಒಳಗೆ ಜಾಗ ಸಿಗಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು. ದ್ವೀಪ ಒಂದು ದಿನ ಗುಳುಂ ಅಂತ ಮುಳುಗಿಬಿಡುತ್ತದೆ ಅಂದುಕೊಳ್ಳಬೇಡಿ. 1971ರಿಂದ 2014ರವರೆಗೆ ತುವಾಲುವಿನ ನೆಲ ಸುಮಾರು ಶೇ. 2.9ರಷ್ಟು ಹೆಚ್ಚಾಗಿದೆ ಎಂದು ಸಂಶೋಧಕರು ಚಿತ್ರಗಳನ್ನು ಹೋಲಿಸಿ ತೋರಿಸಿದ್ದಾರೆ. ಅಲೆಗಳು ಹವಳದ ಚೂರು, ಮರಳು ತಂದು ಹಾಕುತ್ತವೆ. ಇದನ್ನೇ ಹಿಡಿದು ಕೆಲವರು ಎಲ್ಲ ಸುಮ್ನೆ ಗಲಾಟೆ ಅನ್ನುತ್ತಾರೆ. ನೆಲ ಇದ್ದ ಮಾತ್ರಕ್ಕೆ ಬದುಕಲು ಆಗುತ್ತಾ? ಹವಳದ ದ್ವೀಪಗಳಲ್ಲಿ ಹೊಳೆ ಇಲ್ಲ. ಮಳೆನೀರು ಮರಳಿನೊಳಗೆ ಇಳಿದು, ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುತ್ತದೆ. ಆ ಸಿಹಿನೀರು ಸಿಗುವ ತನಕ ಗುಂಡಿ ತೋಡಿ, ಎಲೆಗೊಬ್ಬರ ಹಾಕಿ, ತುವಾಲು ಜನ ಪುಲಕಾ ಅನ್ನೋ ಕೆಸುವಿನ ಜಾತಿಯ ಗೆಡ್ಡೆ ಬೆಳೆಯುತ್ತಾರೆ. ದೊಡ್ಡ ಉಬ್ಬರ ಬಂದಾಗ ಉಪ್ಪುನೀರು ಗುಂಡಿಯ ತಳದಿಂದಲೇ ಜಿನುಗುತ್ತದೆ. ಗೆಡ್ಡೆ ಕೊಳೆಯುತ್ತದೆ. ಅಲ್ಲಿ ಮತ್ತೆ ಬೆಳೆ ತೆಗೆಯೋದು ಬಹಳ ಕಷ್ಟ. ಭೂಪಟದಲ್ಲಿ ಮಾತ್ರ ದ್ವೀಪ ಮೊದಲಿನಷ್ಟೇ ಇರುತ್ತದೆ.

ಹೀಗಿರುವಾಗ ಜನ ಮೊದಲು ಹೋಗೋದು ತಮ್ಮದೇ ದೇಶದ ಇನ್ನೊಂದು ಕಡೆಗೆ. 2050ರ ಹೊತ್ತಿಗೆ ಜಗತ್ತಿನ ಆರು ಪ್ರದೇಶಗಳಲ್ಲಿ ಹವಾಮಾನ ಬದಲಾವಣೆಯಿಂದ ಹೀಗೆ ದೇಶದೊಳಗೇ ಗುಳೆ ಹೋಗುವವರು 21.6 ಕೋಟಿ ತನಕ ಆಗಬಹುದು ಎಂದು ವಿಶ್ವಬ್ಯಾಂಕ್ 2021ರಲ್ಲಿ ಅಂದಾಜು ಮಾಡಿತು. ಆದರೆ ಕಿರಿಬಾಟಿಯಲ್ಲಿ ಅರ್ಧದಷ್ಟು ಜನ ಈಗಾಗಲೇ ದಕ್ಷಿಣ ತರಾವಾ ಎಂಬ ಕಿರಿದಾದ ಪಟ್ಟಿಯಲ್ಲಿ ತುಂಬಿಕೊಂಡಿದ್ದಾರೆ. ಇನ್ನು ಎಲ್ಲಿಗೆ ಹೋಗಬೇಕು?

ಈಗ ಇರುವುದರಲ್ಲಿ ಒಳ್ಳೆಯ ದಾರಿ ಅಂದರೆ 2023ರಲ್ಲಿ ಸಹಿಯಾದ ಆಸ್ಟ್ರೇಲಿಯಾ–ತುವಾಲು ನಡುವಿನ ಫಲೆಪಿಲಿ ಒಪ್ಪಂದ. ವರ್ಷಕ್ಕೆ 280 ಜನರಿಗೆ ಲಾಟರಿ ಎತ್ತಿ ಕಾಯಂ ವಾಸದ ವೀಸಾ ಕೊಡುತ್ತಾರೆ. ಕೆಲಸ ಮೊದಲೇ ಸಿಕ್ಕಿರಬೇಕು ಅಂತಿಲ್ಲ. ಬೇಕಾದಾಗ ಊರಿಗೆ ಹೋಗಿ ಬರಬಹುದು. 2025ರ ಮೊದಲ ಸುತ್ತಿಗೆ ಕುಟುಂಬದವರೂ ಸೇರಿ 8,750 ಜನ ಹೆಸರು ಕೊಟ್ಟರು. ದೇಶದ ಜನಸಂಖ್ಯೆಯೇ ಸುಮಾರು 11,000! ಆದರೆ ಇದಕ್ಕೆ ಒಂದು ಬೆಲೆಯೂ ಇದೆ. ಬೇರೆ ದೇಶದ ಜೊತೆ ರಕ್ಷಣಾ ಒಪ್ಪಂದ ಮಾಡಿಕೊಳ್ಳಬೇಕಾದರೆ ತುವಾಲು ಆಸ್ಟ್ರೇಲಿಯಾದ ಒಪ್ಪಿಗೆ ಪಡೆಯಬೇಕು. ಇದರ ಹಿಂದೆ ಇರೋದು ಚೀನಾ ಅಲ್ಲಿ ಕಾಲೂರಬಹುದು ಎಂಬ ಆಸ್ಟ್ರೇಲಿಯಾದ ಚಿಂತೆ. ವೀಸಾ ಮತ್ತು ಸೈನ್ಯದ ಮಾತು ಒಂದೇ ಕಾಗದದಲ್ಲಿ ಇರಬಾರದಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಯಾವ ದೇಶವೂ ಸೇರಿಸಿಕೊಳ್ಳಲೇಬೇಕು ಎಂಬ ಕಾನೂನು ಇವತ್ತಿಗೆ ಇಲ್ಲ. ಎಲ್ಲಿಗೆ ಹೋಗಬಹುದು ಅನ್ನೋದು ಪಕ್ಕದ ದೇಶದ ಮನಸ್ಸು ಮತ್ತು ಲೆಕ್ಕಾಚಾರದ ಮೇಲೆ ನಿಂತಿದೆ. ತುವಾಲುವಿಗಿಂತ ಹತ್ತು ಪಟ್ಟು ಜಾಸ್ತಿ ಜನ ಇರುವ ಕಿರಿಬಾಟಿಗೆ ಅಂಥ ಒಪ್ಪಂದ ಇನ್ನೂ ಸಿಕ್ಕಿಲ್ಲ. ನ್ಯೂಜಿಲೆಂಡ್ ಅವರಿಗಾಗಿ ವರ್ಷಕ್ಕೊಂದು ಸಣ್ಣ ಲಾಟರಿ ನಡೆಸುತ್ತದೆ. ಅದರಲ್ಲಿ ಹೆಸರು ಬಂದರೂ, ಅಲ್ಲೊಂದು ಕೆಲಸ ಗೊತ್ತು ಮಾಡಿಕೊಂಡರೆ ಮಾತ್ರ ವೀಸಾ.