ದೊಡ್ಡ ಅಧಿಕಾರಿಯನ್ನು ಕೇಳುವವರು ಯಾರು?

ಪ್ರಶ್ನೆ: ನಮ್ಮ ಊರಿನ ಕುಡಿಯುವ ನೀರಿನ ಯೋಜನೆ ವರ್ಷಗಟ್ಟಲೆ ಅರ್ಧಕ್ಕೇ ನಿಂತಿದೆ. ವಿಧಾನಸಭೆಯ ಸಮಿತಿ ಕಾಸರಗೋಡು ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಸಿಟ್ಟಿಂಗ್ ಮಾಡಿದಾಗ ಅರ್ಜಿ ಕೊಟ್ಟೆವು. ಬೈಗುಳ ತಿಂದದ್ದು ಇಲ್ಲಿನ ಎಂಜಿನಿಯರ್. ತಿರುವನಂತಪುರದಲ್ಲಿ ಕೂತ ಕಾರ್ಯದರ್ಶಿಗೆ ಏನೂ ಆಗಲಿಲ್ಲ. ಪಾರ್ಲಿಮೆಂಟ್, ವಿಧಾನಸಭೆಯ ಸಮಿತಿಗಳಿಗೆ ಐಎಎಸ್ ಅಧಿಕಾರಿಗಳ ಮೇಲೆ ನಿಜಕ್ಕೂ ಹಿಡಿತ ಇದೆಯಾ, ಇಲ್ಲಾ ಸುಮ್ನೆ ಶಾಸ್ತ್ರವಾ? – ಓದುಗರು, ಬದಿಯಡ್ಕ

ಉತ್ತರ: ಹಿಡಿತ ಇದೆ. ಆದರೆ ನೀವು ನಿರೀಕ್ಷಿಸಿದ ತರದ್ದಲ್ಲ. ಸಮಿತಿ ಅಧಿಕಾರಿಯನ್ನು ಕರೆಸಬಹುದು, ಕಡತ ತರಿಸಬಹುದು, ತನಗೆ ಕಂಡದ್ದನ್ನು ವರದಿಯಲ್ಲಿ ಬರೆಯಬಹುದು. ಸಸ್ಪೆಂಡ್ ಮಾಡುವ, ಇನ್‌ಕ್ರಿಮೆಂಟ್ ತಡೆಯುವ ಅಧಿಕಾರ ಅದಕ್ಕಿಲ್ಲ. ಅದು ಸರಕಾರದ ಕೆಲಸ. ಕೆಲಸದಿಂದ ತೆಗೆಯಬೇಕಾದರೆ ಸಂವಿಧಾನದ 311ನೇ ವಿಧಿಯಂತೆ ವಿಚಾರಣೆಯೂ ಆಗಬೇಕು.

ಒಂದು ತಮಾಷೆ ನೋಡಿ. ಲೋಕಸಭೆಯ ಪದ್ಧತಿಯಲ್ಲಿ, ಸರಕಾರದ ಖರ್ಚುವೆಚ್ಚ ಪರಿಶೀಲಿಸುವ ಲೆಕ್ಕಪತ್ರ ಸಮಿತಿ ಮಂತ್ರಿಗಳನ್ನು ಕರೆಯುವುದಿಲ್ಲ, ಅಧಿಕಾರಿಗಳನ್ನು ಕರೆಯುತ್ತದೆ. 2017ರ ಜನವರಿಯಲ್ಲಿ ಈ ಸಮಿತಿಯ ಅಧ್ಯಕ್ಷರಾಗಿದ್ದವರು ಎರ್ನಾಕುಳಂ ಸಂಸದ ಕೆ.ವಿ. ಥಾಮಸ್. ನೋಟು ರದ್ದತಿ ಬಗ್ಗೆ ಬೇಕಾದರೆ ಪ್ರಧಾನಿಯನ್ನೂ ಕರೆಸುತ್ತೇವೆ ಎಂಬರ್ಥದ ಮಾತಾಡಿ ಗದ್ದಲವಾಯಿತು. ಕೊನೆಗೆ ಸಮಿತಿಯ ಮುಂದೆ ಕೂತವರು ರಿಸರ್ವ್ ಬ್ಯಾಂಕ್ ಗವರ್ನರ್ ಉರ್ಜಿತ್ ಪಟೇಲ್. ಕೇಂದ್ರದ ಕಾರ್ಯದರ್ಶಿಗಳಿಗಂತೂ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಇಲಾಖೆಯ ದುಡ್ಡಿಗೆ ಕಾರ್ಯದರ್ಶಿಯೇ ಜವಾಬ್ದಾರ. ಲೆಕ್ಕಪತ್ರ ಸಮಿತಿಯ ಮುಂದೆ ಹಾಜರಾಗುವುದು ಅವರ ಕರ್ತವ್ಯ ಎಂದು ಅದರಲ್ಲೇ ಬರೆದಿದೆ.

ಹಾಗಾದರೆ ಎಲ್ಲಿ ತಪ್ಪುತ್ತದೆ? ನನ್ನ ಪ್ರಕಾರ ಕುರ್ಚಿ ಬದಲಾಗುವಲ್ಲಿ. ಯೋಜನೆ ಹಾಳಾಗುವಾಗ ಒಬ್ಬರು ಇರುತ್ತಾರೆ. ಸರಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಬಂದು, ಸದನದಲ್ಲಿ ಮಂಡನೆಯಾಗಿ, ಸಮಿತಿ ಎತ್ತಿಕೊಳ್ಳುವಾಗ ವರ್ಷಗಳೇ ಕಳೆದಿರುತ್ತವೆ. ಅಷ್ಟರಲ್ಲಿ ಆ ಕುರ್ಚಿಯಲ್ಲಿ ಮೂರನೆಯವರೋ ನಾಲ್ಕನೆಯವರೋ. 'ನಾನು ಈಗಷ್ಟೇ ಬಂದೆ, ಪರಿಶೀಲಿಸಿ ತಿಳಿಸುತ್ತೇನೆ' ಎನ್ನುತ್ತಾರೆ. ಅದು ಸುಳ್ಳೂ ಅಲ್ಲ! ಇನ್ನೊಂದು ಉತ್ತರವೂ ರೆಡಿ ಇರುತ್ತದೆ: 'ಅದು ಮೇಲಿನ ತೀರ್ಮಾನ.' ಮೇಲೆ ಅಂದರೆ ಯಾರು? ಫೋನಿನಲ್ಲಿ ಹೇಳಿದ್ದಾದರೆ ಕಡತದಲ್ಲಿ ಇರುವುದಿಲ್ಲ.

ಬ್ರಿಟನ್ನಿನಲ್ಲಿ ಇದಕ್ಕೊಂದು ಜಾಣ ಉಪಾಯ ಇದೆ. ಈ ಖರ್ಚು ಸರಿಯಲ್ಲ ಅಂತ ಇಲಾಖೆಯ ಮುಖ್ಯ ಅಧಿಕಾರಿಗೆ ಕಂಡರೆ ಅವರು ಮಂತ್ರಿಯ ಹತ್ತಿರ ಲಿಖಿತ ನಿರ್ದೇಶನ ಕೇಳುತ್ತಾರೆ. ಆ ಕಾಗದ ಲೆಕ್ಕ ತಪಾಸಕರಿಗೂ ಹೋಗುತ್ತದೆ. ಆಮೇಲೆ ಹೊಣೆ ಮಂತ್ರಿಯದು. ಇಲ್ಲೂ ನಿಯಮಕ್ಕೇನು ಕಮ್ಮಿ ಇಲ್ಲ. ಬಾಯಿಮಾತಿನ ಆದೇಶವನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು ಎಂದು ಅಖಿಲ ಭಾರತ ಸೇವೆಗಳ 1968ರ ನಡತೆ ನಿಯಮಗಳು ಹೇಳುತ್ತವೆ. ಮಾಜಿ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೂಡ 2013ರಲ್ಲಿ ಇದನ್ನೇ ಹೇಳಿತು. ಆದರೆ ಕೇಳಿ ಬರೆಸಿಕೊಳ್ಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ, ಅಲ್ವಾ?

ಸದನಕ್ಕೆ ಹಕ್ಕುಚ್ಯುತಿಯ ಅಸ್ತ್ರ, ಅಂದರೆ ಸದನದ ಅಥವಾ ಸದಸ್ಯರ ಹಕ್ಕಿಗೆ ಧಕ್ಕೆ ತಂದವರನ್ನು ಶಿಕ್ಷಿಸುವ ಅಧಿಕಾರ, ಇದೆ ನಿಜ. 2023ರ ಮಾರ್ಚ್‌ನಲ್ಲಿ ಉತ್ತರ ಪ್ರದೇಶ ವಿಧಾನಸಭೆ ಆರು ಪೊಲೀಸರಿಗೆ ಒಂದು ದಿನದ ಸೆರೆವಾಸ ಕೊಟ್ಟಿತು. ಅದು 2004ರಲ್ಲಿ ಒಬ್ಬ ಶಾಸಕರಿಗೆ ಪೆಟ್ಟು ಬಿದ್ದದ್ದಕ್ಕೆ. ನಿಮ್ಮ ನಲ್ಲಿಯಲ್ಲಿ ನೀರು ಬಾರದ್ದಕ್ಕೆ ಆ ಅಸ್ತ್ರ ಹೊರಗೆ ಬರುವುದಿಲ್ಲ.

ನಮ್ಮ ಜಿಲ್ಲೆಯ ಎಂಡೋಸಲ್ಫಾನ್ ಕೀಟನಾಶಕದ ದುರಂತ ನೆನಪಿಸಿಕೊಳ್ಳಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಐದು ವರ್ಷವಾದರೂ ಹೆಚ್ಚಿನವರಿಗೆ ಸಿಗಲಿಲ್ಲ. ಕೆಲವರು ನ್ಯಾಯಾಂಗ ನಿಂದನೆ ಅರ್ಜಿ ಹಾಕಿದ ಮೇಲೆ, 2022ರ ಮೇಯಲ್ಲಿ, ಮುಖ್ಯ ಕಾರ್ಯದರ್ಶಿಯೇ ಪ್ರತಿ ತಿಂಗಳು ಸಭೆ ಮಾಡಬೇಕೆಂದು ಕೋರ್ಟ್ ಆದೇಶಿಸಿತು. 'ಇಲಾಖೆ' ಅನ್ನಲಿಲ್ಲ, 'ಸರಕಾರ' ಅನ್ನಲಿಲ್ಲ. ಒಂದು ಹುದ್ದೆ, ಒಂದು ಕೆಲಸ, ಒಂದು ಗಡುವು.

ನಿಮ್ಮ ಅರ್ಜಿಯೂ ಹೀಗೇ ಇರಲಿ. 'ನೀರು ಕೊಡಿಸಿ, ಕ್ರಮ ಕೈಗೊಳ್ಳಿ' ಅಂತ ಬರೆದರೆ ಬೈಗುಳ ಎಂಜಿನಿಯರಿಗೇ ಬೀಳುತ್ತದೆ. ಮೊದಲು ಮಾಹಿತಿ ಹಕ್ಕಿನಲ್ಲಿ ಕಡತದ ಟಿಪ್ಪಣಿ ಪುಟಗಳನ್ನು ಕೇಳಿ. ಉತ್ತರಕ್ಕೆ 30 ದಿನ ಸಮಯ. ಹಣ ಯಾವ ತಾರೀಕು ಮಂಜೂರಾಯಿತು, ಕೆಲಸ ನಿಲ್ಲಿಸಲು ಯಾವ ಹುದ್ದೆಯವರು ಸಹಿ ಹಾಕಿದರು, ಕಡತ ಯಾರ ಮೇಜಿನ ಮೇಲೆ ಎಷ್ಟು ತಿಂಗಳು ಇತ್ತು, ಇವು ಸಿಗುತ್ತವೆ. ಅದನ್ನು ಅರ್ಜಿಗೆ ಸೇರಿಸಿ. 'ಆ ದಿನ ಆ ಹುದ್ದೆಯಲ್ಲಿದ್ದವರಿಂದ ಲಿಖಿತ ವಿವರಣೆ ತರಿಸಿ' ಎಂದು ಕೋರಿ. ಆಗ ಈಗಷ್ಟೇ ಬಂದವರೂ ಹಳಬರಿಗೆ ಕಾಗದ ಬರೆಯಬೇಕಾಗುತ್ತದೆ.

ಪ್ರಶ್ನೆ: ಇಂಥ ಅರ್ಜಿ ಕನ್ನಡದಲ್ಲಿ ಕೊಟ್ಟರೆ ನಡೆಯುತ್ತದಾ? – ಓದುಗರು, ಮಂಜೇಶ್ವರ

ಉತ್ತರ: ಧಾರಾಳವಾಗಿ ಕೊಡಿ. ಸಂವಿಧಾನದ 350ನೇ ವಿಧಿ ಆ ಹಕ್ಕು ಕೊಟ್ಟಿದೆ. ನಿಮ್ಮ ಕ್ಷೇತ್ರದ ಶಾಸಕರು 2021ರಲ್ಲಿ ಪ್ರಮಾಣವಚನವನ್ನೇ ಕನ್ನಡದಲ್ಲಿ ತೆಗೆದುಕೊಂಡರು! ಆದರೂ ಜೊತೆಗೆ ಒಂದು ಪುಟದ ಮಲಯಾಳಂ ಸಾರಾಂಶ ಇಡಿ ಎನ್ನುತ್ತೇನೆ. ಹಕ್ಕು ಬಿಟ್ಟುಕೊಡಲಿಕ್ಕಲ್ಲ, 'ಅನುವಾದಕ್ಕೆ ಕಳಿಸಿದ್ದೇವೆ' ಎಂಬ ನೆಪದಲ್ಲಿ ಆರು ತಿಂಗಳು ಹೋಗದಿರಲಿ ಅಂತ. ರಶೀದಿ ಮಾತ್ರ ಕೇಳಿ ತೆಗೆದುಕೊಳ್ಳಿ.